ನಮ್ಮ ಗೇಮ್ ಆಡಿದ ಸ್ಟ್ರೀಮರ್ ಮೇಲೆ ಕಾಪಿರೈಟ್ ಸ್ಟ್ರೈಕ್ ಹಾಕಬೇಕೋ ಬೇಡವೋ? ಅನುಭವ ಇದ್ದವರು ಹೇಳಿ

ಶಿರಸಿ ಜೋಡಿ:
ನಾವಿಬ್ಬರು ಶಿರಸಿಯಲ್ಲಿ ಮನೆಯ ಮಾಳಿಗೆ ಮೇಲೆ ಕೂತು ಒಂದು ಚಿಕ್ಕ ಗೇಮ್ ಮಾಡಿದ್ದೇವೆ. ಅಡಿಕೆ ತೋಟಕ್ಕೆ ರಾತ್ರಿ ಕಾಡುಹಂದಿ ಬರುತ್ತದೆ, ಕಾವಲು ಕಾಯಬೇಕು, ಅಷ್ಟೇ ಕಥೆ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿದೆ. ಗೇಮ್ ಆಡುವುದನ್ನು ಲೈವ್ ತೋರಿಸುವ ಒಬ್ಬ ದೊಡ್ಡ ಸ್ಟ್ರೀಮರ್ ಕಳೆದ ವರ್ಷ ಇದನ್ನು ಪೂರ್ತಿ ಆಡಿ ಯೂಟ್ಯೂಬ್‌ಗೆ ಹಾಕಿದ್ದ. ನಮ್ಮ ಮಾರಾಟ ಏರಿದ್ದೇ ಅದರಿಂದ. ಈಗ ಅವನು ಬೇರೆ ಗೇಮ್‌ನ ಲೈವ್‌ನಲ್ಲಿ ಜಾತಿ ಹೆಸರು ಹಿಡಿದು ಹೊಲಸಾಗಿ ಬೈದಿದ್ದಾನೆ. ಆ ಕ್ಲಿಪ್ ಎಲ್ಲ ಕಡೆ ಓಡುತ್ತಿದೆ. ಅವನ ಚಾನೆಲ್ ತೆರೆದರೆ ಅವನ ಮುಖದ ಪಕ್ಕದಲ್ಲೇ ನಮ್ಮ ಗೇಮ್ ಹೆಸರು. ಹಳೆಯ ವಿಡಿಯೋಗಳನ್ನು ಕಾಪಿರೈಟ್ ಸ್ಟ್ರೈಕ್ ಹಾಕಿ, ಅಂದರೆ ಇದು ನಮ್ಮ ಸ್ವತ್ತು ಎಂದು ಯೂಟ್ಯೂಬ್‌ಗೆ ದೂರು ಕೊಟ್ಟು, ತೆಗೆಸಿಬಿಡಿ ಎನ್ನುತ್ತಿದ್ದಾರೆ ಸ್ನೇಹಿತರು. ಆದರೆ ನಮ್ಮ ವೆಬ್‌ಸೈಟ್‌ನಲ್ಲಿ "ಯಾರು ಬೇಕಾದರೂ ಸ್ಟ್ರೀಮ್ ಮಾಡಿ, ದುಡ್ಡೂ ಮಾಡಿಕೊಳ್ಳಿ" ಎಂದು ನಾವೇ ಬರೆದಿದ್ದೇವೆ. ಏನು ಮಾಡುವುದು?

ಕಾಳಿ ಕಿನಾರೆ (ಕಾರವಾರ):
ಹಾಕಿ. ನಾನು ಹಾಕಿದ್ದೇನೆ, ನಾಳೆ ಮತ್ತೆ ಹಾಕು ಅಂದರೂ ಹಾಕುತ್ತೇನೆ.

ಇದು ನೀವೇ ಮೊದಲು ಮಾಡುವುದಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಪ್ಯೂಡೈಪೈ ಎಂಬ ದೊಡ್ಡ ಯೂಟ್ಯೂಬರ್ ಪಬ್‌ಜಿ ಲೈವ್‌ನಲ್ಲಿ ಕಪ್ಪು ಜನರನ್ನು ಹೀಗಳೆಯುವ ಪದ ಬಳಸಿದಾಗ, ಫೈರ್‌ವಾಚ್ ಎಂಬ ಗೇಮ್ ಮಾಡಿದ ಕ್ಯಾಂಪೊ ಸ್ಯಾಂಟೊ ಕಂಪನಿಯವರು ತಮ್ಮ ಗೇಮ್‌ನ ವಿಡಿಯೋ ತೆಗೆಸಿದರು. ಅವರ ಸೈಟ್‌ನಲ್ಲೂ ಸ್ಟ್ರೀಮ್ ಮಾಡಿ ಅಂತಲೇ ಇತ್ತು. ಬೈಗುಳ ಇದ್ದದ್ದು ಅವರ ಗೇಮ್‌ನ ವಿಡಿಯೋದಲ್ಲಿ ಅಲ್ಲವೇ ಅಲ್ಲ. ನಿಮ್ಮದೇ ಕಥೆ.

ನನ್ನದು ಮೀನುಗಾರಿಕೆ ಗೇಮ್. ಬೈತಖೋಲ್ ಬಂದರಿನಿಂದ ಬೋಟ್ ಬಿಡಬೇಕು, ಬಲೆ ಹಾಕಬೇಕು, ದಡಕ್ಕೆ ಬಂದು ಹೆಂಗಸರ ಹತ್ತಿರ ರೇಟು ಮಾಡಬೇಕು. ಒಬ್ಬ ಆಡುತ್ತಾ ಆ ಮೀನು ಮಾರುವ ಹೆಂಗಸರ ಬಗ್ಗೆ ಏನೇನೋ ಹೇಳಿದ. ನನ್ನ ತಾಯಿ ತಲೆ ಮೇಲೆ ಬುಟ್ಟಿ ಹೊತ್ತು ನನ್ನನ್ನು ಓದಿಸಿದವಳು. ಅವತ್ತು ರಾತ್ರಿಯೇ ಯೂಟ್ಯೂಬ್ ಫಾರ್ಮ್ ತುಂಬಿದೆ. ವಿಡಿಯೋ ಹೋಯಿತು.

ಆಮೇಲೆ ಅವನ ಸೈನ್ಯ ಬಂತು. ನನ್ನ ಗೇಮ್ ಒಂದೂವರೆ ಗಂಟೆಯದು, ಬೆಲೆ 349 ರೂಪಾಯಿ. ಸ್ಟೀಮ್‌ನಲ್ಲಿ ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಎರಡು ವಾರದೊಳಗೆ ದುಡ್ಡು ವಾಪಸ್ ಕೇಳಬಹುದಲ್ಲ? ಕೊಂಡರು, ಬೈದು ರಿವ್ಯೂ ಬರೆದರು, ದುಡ್ಡು ವಾಪಸ್ ತೆಗೆದುಕೊಂಡರು. ರಿವ್ಯೂ ಅಲ್ಲೇ ಉಳಿಯಿತು. ನನ್ನ ಗೇಮ್‌ಗೆ ನೂರಕ್ಕೆ ತೊಂಬತ್ತರ ಮೇಲೆ ಒಳ್ಳೆಯ ರಿವ್ಯೂ ಇದ್ದದ್ದು "ಮಿಶ್ರ" ಎನ್ನುವ ಮಟ್ಟಕ್ಕೆ ಬಂತು. ಆ ತಿಂಗಳು 40 ಸಾವಿರ ಬರುತ್ತದೆಂದು ಲೆಕ್ಕ ಹಾಕಿದ್ದೆ, ಖಾತೆಯಲ್ಲಿ ಇದ್ದದ್ದು 6,300. ಅದೂ ಕೈಗೆ ಬರಲಿಲ್ಲ. 100 ಡಾಲರ್ ಆಗದೆ ಸ್ಟೀಮ್ ಕಳಿಸುವುದಿಲ್ಲ, ಮುಂದಿನ ತಿಂಗಳಿಗೆ ದೂಡುತ್ತದೆ. ಕೊಂಕಣಿ ದನಿ ಕೊಟ್ಟವಳಿಗೆ 12,000 ಬಾಕಿ ಇತ್ತು. ಬೈಕ್ ಅಡ ಇಟ್ಟು ಕೊಟ್ಟೆ. ಮೊದಲು 8,000 ಕೊಡುತ್ತೇನೆ ಎಂದೆ, ಅವಳು ಪೂರ್ತಿ ಬೇಕು ಎಂದಳು, ಸರಿಯೇ. ಬಡ್ಡಿ ನೂರಕ್ಕೆ ಎರಡು.

2019ರಿಂದ ಸ್ಟೀಮ್‌ನವರು ಗೇಮ್‌ಗೆ ಸಂಬಂಧವಿಲ್ಲದ ಬೈಗುಳದ ಅಲೆ ಎಂದು ಗುರುತಿಸಿದರೆ ಅದನ್ನು ಅಂಕದಿಂದ ಬಿಡುತ್ತಾರೆ. ಆದರೆ ಅದು ದೊಡ್ಡ ಗೇಮ್‌ಗಳಿಗೆ ಬೇಗ ಆಗುತ್ತದೆ. ನಮ್ಮಂಥವರದ್ದು ಯಾರ ಕಣ್ಣಿಗೆ ಬೀಳಬೇಕು?

ಇಷ್ಟಾದರೂ ಹೆಮ್ಮೆ ಇದೆ. ಅಮ್ಮನಿಗೆ ಪೂರ್ತಿ ಅರ್ಥವಾಗಲಿಲ್ಲ, "ಚಲೋ ಮಾಡಿದೆ" ಅಂದಳು.

ಕುಮಟಾ ಲೈವ್:
ಶಿರಸಿಯವರೇ, ಈ ಮಾತು ಕೇಳಿ ಹಾಳಾಗಬೇಡಿ. ಸ್ಟ್ರೈಕ್ ತಿಂದವನು ನಾನು. ಬರೆಯುತ್ತೇನೆ, ಓದಿ.

ನಾನು ಬೈದಿರಲಿಲ್ಲ. ಒಂದು ಗೇಮ್ ಆಡಿ "ಇದರಲ್ಲಿ ಸೇವ್ ಮಾಡಿದ್ದೇ ಅಳಿಸಿ ಹೋಗುತ್ತದೆ, ಕೊಳ್ಳಬೇಡಿ" ಎಂದೆ. ಅಷ್ಟಕ್ಕೆ ಸ್ಟ್ರೈಕ್. ಕಾರಣ ಕೇಳಿದರೆ "ನಮ್ಮ ಸಮುದಾಯದ ಮೌಲ್ಯಕ್ಕೆ ಧಕ್ಕೆ" ಅಂತೆ! 2013ರಲ್ಲಿ ಟೋಟಲ್‌ಬಿಸ್ಕಿಟ್ ಎಂಬ ಗೇಮ್ ವಿಮರ್ಶಕನಿಗೆ ಆದದ್ದೂ ಇದೇ. "ಡೇ ಒನ್: ಗ್ಯಾರೀಸ್ ಇನ್ಸಿಡೆಂಟ್" ಎಂಬ ಗೇಮ್ ಚೆನ್ನಾಗಿಲ್ಲ ಎಂದದ್ದಕ್ಕೆ ವಿಡಿಯೋ ತೆಗೆಸಿದ್ದರು. ಆಮೇಲೆ ಗಲಾಟೆಯಾಗಿ ವಾಪಸ್ ಬಂತು. ಬೈದವನ ಬಾಯಿ ಮುಚ್ಚಿಸಲು ಇವತ್ತು ಎತ್ತಿದ ಕತ್ತಿ ನಾಳೆ ನನ್ನಂಥವನ ಕುತ್ತಿಗೆಗೆ ಬರುತ್ತದೆ.

90 ದಿನ ಸ್ಟ್ರೈಕ್ ತಲೆ ಮೇಲೆ ಇರುತ್ತದೆ. ಮೂರಾದರೆ ಚಾನೆಲ್ಲೇ ಇಲ್ಲ. ಆ ಸಮಯಕ್ಕೆ ಇಯರ್‌ಫೋನ್ ಮಾರುವವರ ಜಾಹೀರಾತು ಮಾತಾಗಿತ್ತು, 25,000. ಸ್ಟ್ರೈಕ್ ಇದೆ ಎಂದು ಗೊತ್ತಾಗಿ ಫೋನ್ ಎತ್ತುವುದೇ ನಿಲ್ಲಿಸಿದರು. ಆ ದುಡ್ಡು ನಂಬಿ ಇನ್ವರ್ಟರ್ ಬ್ಯಾಟರಿ ತಂದಿದ್ದೆ, 17,200. ವಕೀಲರ ಹತ್ತಿರ ಹೋದೆ. ಅವರು ಜಮೀನು ಕೇಸಿನವರು. ಎಲ್ಲ ಕೇಳಿಸಿಕೊಂಡು "ಸರ್ವೆ ನಂಬರ್ ಎಷ್ಟು?" ಎಂದರು. ಅದಕ್ಕೂ 1,500.

ಕೊನೆಗೆ ನಾನೇ ಕೂತು, ಸ್ಟ್ರೈಕ್ ತಪ್ಪು ಎಂದು ಯೂಟ್ಯೂಬ್‌ಗೆ ಎದುರು ನೋಟಿಸ್ ಕೊಟ್ಟೆ. ಅದರಲ್ಲಿ ನಿಜ ಹೆಸರು, ಮನೆ ವಿಳಾಸ, ಫೋನ್ ನಂಬರ್ ಎಲ್ಲ ಬರೆಯಬೇಕು. ಅದು ಎದುರಿನವನ ಕೈಗೇ ಹೋಗುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. ಆಮೇಲೆ ಅಮೆರಿಕದ 10 ಕೆಲಸದ ದಿನ ಕಾಯಬೇಕು. ಶನಿವಾರ, ಭಾನುವಾರ, ಅವರ ಹಬ್ಬ ಯಾವುದೂ ಲೆಕ್ಕಕ್ಕಿಲ್ಲ. ಅಷ್ಟರೊಳಗೆ ಅವರು ಕೋರ್ಟಿಗೆ ಹೋಗದಿದ್ದರೆ ವಿಡಿಯೋ ವಾಪಸ್. ಅವರು ಹೋಗಲಿಲ್ಲ. ವಿಡಿಯೋ ಬಂತು. ಅಷ್ಟರಲ್ಲಿ ಆ ಗೇಮ್ ಯಾರಿಗೆ ಬೇಕಿತ್ತು?

ಕಾಳಿ ಕಿನಾರೆ (ಕಾರವಾರ):
ಕುಮಟಾದವರೇ, ನಿಮ್ಮದು ವಿಮರ್ಶೆ. ನನ್ನ ಕೇಸಿನಲ್ಲಿ ಅವನು ಹೆಂಗಸರಿಗೆ ಬೈದ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ಕುಮಟಾ ಲೈವ್:
ಯಾವ ಬುಟ್ಟಿ ಎಂದು ತೀರ್ಮಾನ ಮಾಡುವವರು ಯಾರು? ನೀವೇ. ಅದೇ ತೊಂದರೆ. ಬೈದದ್ದಕ್ಕೆ ಬೈದ ಎಂದೇ ರಿಪೋರ್ಟ್ ಮಾಡಿ. ಕಾಪಿರೈಟ್ ಯಾಕೆ?

ಕಾಳಿ ಕಿನಾರೆ (ಕಾರವಾರ):
ರಿಪೋರ್ಟ್ ಮಾಡಿದ್ದೆ ಮಾರಾಯರೇ! "ನಮ್ಮ ನಿಯಮಕ್ಕೆ ವಿರುದ್ಧವಾಗಿ ಕಾಣುತ್ತಿಲ್ಲ" ಎಂದು ಬಂತು. ಕಾಪಿರೈಟ್ ಎಂದ ಕೂಡಲೇ ಎದ್ದು ಕೂರುತ್ತಾರೆ.

ಅಂಕೋಲಾ ಗುಮಾಸ್ತ:
ನಾನು ವಕೀಲನಲ್ಲ, ಆಫೀಸಿನಲ್ಲಿ ಕಡತ ನೋಡುವವನು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿ ವಿಮರ್ಶೆಗೆ ವಿನಾಯಿತಿ ಇದೆ. 60ನೇ ಕಲಮಿನಲ್ಲಿ, ಆಧಾರ ಇಲ್ಲದೆ ಕಾಪಿರೈಟ್ ಕೇಸಿನ ಬೆದರಿಕೆ ಹಾಕಿದರೆ, ಬೆದರಿಕೆ ತಿಂದವನೇ ಕೋರ್ಟಿಗೆ ಹೋಗಬಹುದು. ಕುಮಟಾದವರು ಅದನ್ನು ಓದಿದ್ದರೆ ಸರ್ವೆ ನಂಬರ್ ಕೇಳಿಸಿಕೊಳ್ಳುವ ಪ್ರಸಂಗ ಬರುತ್ತಿರಲಿಲ್ಲ.

ಇನ್ನು ಜಾತಿ ಹೆಸರು ಹಿಡಿದು ಬೈದದ್ದು. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಎದುರು ಹಾಗೆ ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಠಾಣೆಗೆ ಹೋಗುವ ಬದಲು ಕಾಡುಹಂದಿ ಗೇಮ್ ಹಿಡಿದುಕೊಂಡು ಯಾಕೆ ಒದ್ದಾಡುತ್ತೀರಿ? ನಮ್ಮ ಓಣಿಯ ಹುಡುಗನೊಬ್ಬ ಹೀಗೇ ದೂರು ಕೊಟ್ಟ. ದೂರು ಬರೆಸಿಕೊಳ್ಳುವವರೆಗೂ ನಾನೇ ಜೊತೆಗಿದ್ದೆ. ಮೊದಲು ಸೈಬರ್ ಠಾಣೆಗೆ ಹೋಗಿ ಎಂದರು, ಅಲ್ಲಿ ಹೋದರೆ ನಿಮ್ಮ ಠಾಣೆಗೇ ಕೊಡಿ ಎಂದರು. ಕ್ಲಿಪ್ ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ ಅದು ಅಸಲಿ ಎಂಬ ಸರ್ಟಿಫಿಕೇಟ್ ಬೇಕು ಎಂದರು. ಝೆರಾಕ್ಸ್, ಪೆನ್‌ಡ್ರೈವ್, ಬಸ್ಸು, ಊಟ ಸೇರಿ 1,860 ನಾನೇ ಕೊಟ್ಟೆ. ಕೇಸು ಈಗ ನಡೆಯುತ್ತಿದೆ.

ಹೊನ್ನಾವರ ಚೌಕಿ:
ಗೇಮ್ ಗೀಮ್ ನನಗೆ ಗೊತ್ತಿಲ್ಲ. ನಾನು ಯಕ್ಷಗಾನ ವಿಡಿಯೋ ಹಾಕುವವನು. ಕಾಪಿರೈಟ್ ಅಂದರೆ ಮೈ ಉರಿಯುತ್ತದೆ.

ರಾತ್ರಿಯಿಡೀ ನಿದ್ದೆ ಬಿಟ್ಟು, ಎರಡು ಕ್ಯಾಮೆರಾ ಇಟ್ಟು ಆಟ ಲೈವ್ ಮಾಡುತ್ತೇನೆ. ಸಂಘಟಕರು ಕೇಳಿಕೊಂಡೇ ಕರೆದದ್ದು. ಬೆಳಗಾಗುವಷ್ಟರಲ್ಲಿ ಕ್ಲೇಮ್! ಯಾರೋ ಕ್ಯಾಸೆಟ್ ಕಾಲದ ಭಾಗವತಿಕೆ ತಮ್ಮದು ಎಂದು ಯೂಟ್ಯೂಬ್‌ನ ಕಂಪ್ಯೂಟರ್‌ಗೆ ಕೊಟ್ಟಿದ್ದಾರೆ. ಅದೇ ಪದ್ಯ, ಅದೇ ರಾಗ ಬಂದರೆ ಯಂತ್ರ ಹಿಡಿಯುತ್ತದೆ. ಪದ್ಯ ಬರೆದವರು ಸತ್ತು ನೂರು ವರ್ಷ ದಾಟಿದೆ. ಇದು ಸ್ಟ್ರೈಕ್ ಅಲ್ಲ, ಕ್ಲೇಮ್. ಚಾನೆಲ್ ಹೋಗುವುದಿಲ್ಲ, ಜಾಹೀರಾತಿನ ದುಡ್ಡು ಅವರಿಗೆ ಹೋಗುತ್ತದೆ. ತಕರಾರು ಹಾಕಿದರೆ ಅವರಿಗೆ ಉತ್ತರಿಸಲು 30 ದಿನ. 29ನೇ ದಿನ ಉತ್ತರಿಸುತ್ತಾರೆ, ಬೇಕಂತಲೇ. ಒಂದು ಆಟಕ್ಕೆ ನನಗೆ ಬಾಡಿಗೆ ಕ್ಯಾಮೆರಾ 1,800, ಹುಡುಗನಿಗೆ 700, ಡೀಸೆಲ್ ಬೇರೆ. ಬಂದದ್ದು 212 ರೂಪಾಯಿ. ಶಿರಸಿಯ ಭಾವನವರೇ, ಯಾರ ವಿಡಿಯೋವನ್ನೂ ತೆಗೆಸಬೇಡಿ. ಪಾಪ ತಟ್ಟುತ್ತದೆ.

ಬಣ್ಣದ ವೇಷ:
ಹೊನ್ನಾವರದವರೇ, ವೇಷಧಾರಿಗಳನ್ನು ಕೇಳಿ ಲೈವ್ ಮಾಡಿದ್ದೀರಾ? ಸಂಘಟಕರು ಒಪ್ಪಿದರೆ ಸಾಕಾ? ನಾನೂ ಗೆಜ್ಜೆ ಕಟ್ಟುವವನು. ಕಲಾವಿದನ ಪ್ರದರ್ಶನಕ್ಕೂ ಹಕ್ಕು ಇದೆ, ಅದೇ 1957ರ ಕಾಯ್ದೆಯ 38ನೇ ಕಲಮು, 50 ವರ್ಷ. ನೀವು ದುಡ್ಡು ಹೋಯಿತು ಎಂದು ಅಳುತ್ತೀರಿ. ನಮ್ಮ ಕುಣಿತಕ್ಕೆ ನೀವು ಕೊಟ್ಟದ್ದೆಷ್ಟು?

ಹೊನ್ನಾವರ ಚೌಕಿ:
ನನ್ನ ವಿಡಿಯೋ ನೋಡಿಯೇ ನಿಮಗೆ ಮುಂಬೈ, ಬೆಂಗಳೂರಿನಿಂದ ಕರೆ ಬರುವುದು. ಅದು ನೆನಪಿರಲಿ.

ಬಣ್ಣದ ವೇಷ:
ಆಹಾ! ಸ್ಟ್ರೀಮರ್‌ಗಳು ಗೇಮ್ ಮಾಡಿದವರಿಗೆ ಹೇಳುವುದೂ ಇದೇ ಅಲ್ವಾ? "ನಮ್ಮಿಂದ ನಿಮಗೆ ಪ್ರಚಾರ." ಪ್ರಚಾರ ತಿಂದು ಹೊಟ್ಟೆ ತುಂಬುವುದಿಲ್ಲ.

ಕುಮಟಾ ಲೈವ್:
ಶಿರಸಿಯವರ ಮಾರಾಟ ಏರಿದ್ದು ಯಾರಿಂದ ಎಂದು ಅವರೇ ಬರೆದಿದ್ದಾರೆ, ಮೇಲೆ ಓದಿ.

ಶಿರಸಿ ಜೋಡಿ:
ಎಲ್ಲರಿಗೂ ಧನ್ಯವಾದ. ಆದರೆ ನಮ್ಮ ಪ್ರಶ್ನೆ ಉಳಿದೇ ಹೋಯಿತು. ಸೈಟ್‌ನಲ್ಲಿ ಒಪ್ಪಿಗೆ ಕೊಟ್ಟಮೇಲೆ ಒಬ್ಬನಿಗೆ ಮಾತ್ರ ಅದನ್ನು ವಾಪಸ್ ಪಡೆಯಬಹುದಾ?

ಯಲ್ಲಾಪುರದ ಮಳೆ:
ಒಪ್ಪಿಗೆಗಿಂತ ಮೊದಲು, ಫಾರ್ಮ್ ತುಂಬುವುದು ನಿಮ್ಮ ಹೆಸರಿನಲ್ಲೇ ಇರಲಿ. ನನ್ನ ಹೆಸರು ಹಾಕಿಕೊಂಡು ಯಾರೋ ನನ್ನದೇ ಅಭಿಮಾನಿಗಳ ವಿಡಿಯೋಗಳಿಗೆ ಸ್ಟ್ರೈಕ್ ಹಾಕಿದ್ದ. ಬೈಗುಳ ತಿಂದದ್ದು ನಾನು. ಡೆಸ್ಟಿನಿ ಗೇಮ್ ಮಾಡುವ ಬಂಗೀ ಕಂಪನಿಗೆ 2022ರಲ್ಲಿ ಹೀಗೇ ಆಗಿತ್ತು. ಒಬ್ಬ ಅವರ ಹೆಸರಿನಲ್ಲಿ ಸುಳ್ಳು ನೋಟಿಸ್ ಕಳಿಸಿ ಜನರ ವಿಡಿಯೋ ಇಳಿಸಿದ. ಕಂಪನಿ ಅವನನ್ನು ಕೋರ್ಟಿಗೆ ಎಳೆಯಿತು. ನಾನು ಯಾರನ್ನು ಎಳೆಯಲಿ? ಯೂಟ್ಯೂಬ್‌ಗೆ ಬರೆಯಲು ಕೂತರೆ ಕರೆಂಟ್ ಇಲ್ಲ, ಕರೆಂಟ್ ಬಂದರೆ ನೆಟ್ ಇಲ್ಲ. ಅರಬೈಲ್ ಘಟ್ಟದಲ್ಲಿ ಮರ ಬಿದ್ದು ಕೇಬಲ್ ಹೋಯಿತು ಅಂದರು. ದಿನಾ ಅದೇ ಮರ ಬೀಳುತ್ತದಾ?

ಕುಮಟಾ ಲೈವ್:
ಘಟ್ಟದ ಮೇಲಿನವರಿಗೆ ಮರ. ನಮಗೆ ಹೆದ್ದಾರಿ 66. ಅಗೆದರೆ ಕೇಬಲ್, ಮುಚ್ಚಿದರೆ ಮತ್ತೆ ಕೇಬಲ್. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ನೆಟ್ ಕೇಳುವುದಕ್ಕೂ ಮನಸ್ಸು ಬರಲಿಲ್ಲ ಬಿಡಿ.

ಅಂಕೋಲಾ ಗುಮಾಸ್ತ:
ಅದರ ಬಗ್ಗೆ ಇಲ್ಲಿ ತಮಾಷೆ ಬೇಡ.

ಕುಮಟಾ ಲೈವ್:
ತಮಾಷೆ ಮಾಡಿದ್ದು ಎಲ್ಲಿ? ಸರಿಯಾಗಿ ಓದಿ. ಕಡತ ನೋಡುವವರು ತಾನೇ ನೀವು?

ಕಾಳಿ ಕಿನಾರೆ (ಕಾರವಾರ):
ಶಿರಸಿಯವರೇ, ಆಗುತ್ತದೆ ಅಂತಲೇ ನಾನು ಹಾಕಿದ್ದು. ನನ್ನ ಸೈಟ್‌ನಲ್ಲಿ ಒಂದು ಸಾಲು ಇತ್ತು, "ಈ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು" ಎಂದು. ನಿಮ್ಮಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಮೊದಲು ಅವನಿಗೆ ಮೇಲ್ ಹಾಕಿ, ನೀವೇ ತೆಗೆಯಿರಿ ಎಂದು. ಪ್ಯೂಡೈಪೈ ಕೂಡ ಫೈರ್‌ವಾಚ್ ವಿಡಿಯೋವನ್ನು ತಾನೇ ಜನರಿಗೆ ಕಾಣದ ಹಾಗೆ ಮಾಡಿದ್ದ. ಮತ್ತೆ, ಗೇಮ್ ಎರಡು ಗಂಟೆಗಿಂತ ಚಿಕ್ಕದಾಗಿದ್ದರೆ ನನಗಾದ ಹಾಗೇ ಆಗಬಹುದು, ಸ್ಟೀಮ್‌ನ ರಿಯಾಯಿತಿ ಸೇಲ್ ಮುಗಿಯುವವರೆಗೆ ಏನೂ ಮಾಡಬೇಡಿ.

ಕುಮಟಾ ಲೈವ್:
ನೋಡಿದಿರಾ, ಈಗ ಮೇಲ್ ಹಾಕಿ ಅನ್ನುತ್ತಿದ್ದಾರೆ. ಮೊದಲೇ ಇದನ್ನು ಹೇಳಬಹುದಿತ್ತು.

ಕಾಳಿ ಕಿನಾರೆ (ಕಾರವಾರ):
ನನಗೆ ಮೇಲ್ ಹಾಕುವಷ್ಟು ತಾಳ್ಮೆ ಇರಲಿಲ್ಲ. ಇವರಿಗೆ ಇದ್ದರೆ ಹಾಕಲಿ. ನಿಮಗೇನು ಕಷ್ಟ?

ಬಣ್ಣದ ವೇಷ:
ಹೊನ್ನಾವರದವರು ಇನ್ನೂ ಉತ್ತರ ಕೊಟ್ಟಿಲ್ಲ.

ಹೊನ್ನಾವರ ಚೌಕಿ:
ಕೊಡುತ್ತೇನೆ. ಮುಂದಿನ ಆಟಕ್ಕೆ ನಿಮ್ಮ ವೇಷ ಬರುವಾಗ ಕ್ಯಾಮೆರಾ ಬಂದ್ ಮಾಡುತ್ತೇನೆ, ಆಗಬಹುದಾ?

ಬಣ್ಣದ ವೇಷ:
ಮಾಡಿ. ಆಮೇಲೆ ಎಷ್ಟು ಜನ ನೋಡುತ್ತಾರೆ ಎಂದು ಇಲ್ಲೇ ಬಂದು ಹೇಳಿ.