ಉಳ್ಳಾಗಡ್ಡಿ ಹೆಚ್ಚದ ಚಾಕು

ಗಾಂಧಿ ಚೌಕದ ಚಹಾದಂಗಡಿಯಲ್ಲಿ ಕೂತು ಬಸು ಜೇಬಿನಿಂದ ಮೊದಲು ತೆಗೆದದ್ದು ಬಿಳಿ ಕೈಗವಸು. ಆಮೇಲೆ ಮಖಮಲ್ಲಿನ ಚೀಲ. ಅದರೊಳಗಿಂದ ಒಂದು ಪುಟ್ಟ ಮಡಚುವ ಚಾಕು. ಎರಡು ಬೆರಳಲ್ಲಿ ಹಿಡಿದು, ಈಗಷ್ಟೇ ಹುಟ್ಟಿದ ಕೂಸನ್ನು ತೋರಿಸುವ ಹಾಗೆ ತೋರಿಸಿದ.

"ಇದಕ್ಕೆ ಸ್ಕ್ರಿಮ್‌ಶಾ ಅಂತಾರೆ."

"ಸ್ಕ್ರೀನ್‌ಶಾಟಾ?" ಅಂದ ಇರ್ಫಾನ್.

"ಸ್ಕ್ರಿಮ್‌ಶಾ! ಎಲುಬಿನ ಹಿಡಿಕೆ ಮೇಲೆ ಕೈಯಿಂದ ಬಿಡಿಸಿದ ಚಿತ್ರ. ಇದು ಮಾದರಿ ಅಷ್ಟೇ. ಅಮೆರಿಕದಲ್ಲಿ ಒಬ್ಬ ಕುಶಲಕರ್ಮಿ ಇದ್ದಾನೆ. 20 ಜನ ಸೇರಿ ಒಂದೇ ಆರ್ಡರ್ ಕೊಟ್ಟರೆ ಮಾತ್ರ ಮಾಡ್ತಾನೆ. ಒಂದೊಂದಕ್ಕೂ ನಂಬರ್ ಇರುತ್ತೆ, 20ರಲ್ಲಿ 1, 20ರಲ್ಲಿ 2, ಹೀಗೆ. ಈಗ 11 ಜನ ಆಗಿದ್ದಾರೆ. ತಲಾ 18 ಸಾವಿರ."

ನಾನು ಚಹಾ ಕೆಳಗಿಟ್ಟೆ. "ಬಸು, ಉಳ್ಳಾಗಡ್ಡಿ ಹೆಚ್ಚುತ್ತಾ?"

"ಇದು ಕಲೆಕ್ಷನ್ನಿಗೆ, ಮಾರಾಯಾ."

ಈ ಕಲೆಕ್ಷನ್ ಅನ್ನೋ ಶಬ್ದ ಕೇಳಿದರೇ ನನಗೆ ಮೈ ಉರಿಯುತ್ತದೆ. ನನ್ನ ಅಳಿಯ ಪೆನ್ನು ಕೂಡಿಸುತ್ತಾನೆ, ಒಂದೊಂದು ಪೆನ್ನಿಗೆ ಒಂದೊಂದು ಡಬ್ಬಿ, ಡಬ್ಬಿಗೊಂದು ಸರ್ಟಿಫಿಕೇಟು, ಆದರೆ ಬ್ಯಾಂಕಿನ ಚೀಟಿ ತುಂಬೋಕೆ ನನ್ನ ಐದು ರೂಪಾಯಿ ಪೆನ್ನೇ ಬೇಕು. ಅದನ್ನೂ ವಾಪಸ್ ಕೊಡಲ್ಲ.

ಪಕ್ಕದ ಗಾಡಿಯ ಚುರುಮರಿ ಸಿದ್ದು ಇಣುಕಿ ನೋಡಿದ. "ಅಣ್ಣಾರ, ಒಂದು ನಿಮಿಷ ಕೊಡ್ರಿ, ಲಿಂಬಿಹಣ್ಣು ಹೆಚ್ಚಿ ಕೊಡ್ತೀನಿ. ನನ್ನ ಚಾಕು ಮೊಂಡಾಗಿದೆ." ಬಸು ಆ ಚಾಕುವನ್ನು ಎದೆಗೆ ಅವಚಿಕೊಂಡ ರೀತಿ ನೋಡಬೇಕಿತ್ತು. ಹುಳಿ ತಾಗಿದರೆ ಎಲುಬು ಹಾಳಂತೆ. ನೀರು ತಾಗಬಾರದಂತೆ. ಬೆವರಿನ ಕೈ ಬೇಡವಂತೆ. ಬಿಸಿಲಿಗೆ ಇಟ್ಟರೆ ಬಿರುಕು ಬಿಡುತ್ತಂತೆ.

"ವಿಜಯಪುರದಲ್ಲಿ ಬಿಸಿಲು ತಾಗಬಾರದು ಅಂದರೆ ಎಲ್ಲಿಡೋದು?" ಅಂದೆ. "ಗೋಳಗುಮ್ಮಟದ ನೆಲಮಾಳಿಗೆಯಲ್ಲಿ, ಆದಿಲ್ ಶಾಹನ ಪಕ್ಕದಲ್ಲಾ?"

ವಕೀಲರು ಮಾತ್ರ ಗಂಭೀರವಾಗಿ ಕನ್ನಡಕ ಸರಿಪಡಿಸಿಕೊಂಡರು. "ಎಲುಬು ಯಾವುದರದು, ಅದನ್ನು ಮೊದಲು ಹೇಳು. ತಿಮಿಂಗಿಲದ ಹಲ್ಲಾದರೆ ನಾನು ಈ ಟೇಬಲ್ಲಿನಲ್ಲೇ ಕೂತಿರಲಿಲ್ಲ ಅಂತ ಬರೆದುಕೋ. ವ್ಯಾಪಾರಕ್ಕೆ ತಿಮಿಂಗಿಲ ಹಿಡಿಯೋದಕ್ಕೆ 1986ರಿಂದ ಅಂತರರಾಷ್ಟ್ರೀಯ ತಡೆ ಇದೆ. ಆನೆ ದಂತದ ವ್ಯಾಪಾರ ದೇಶ ದೇಶಗಳ ನಡುವೆ ನಿಲ್ಲಬೇಕು ಅಂತ 1989ರಲ್ಲೇ ತೀರ್ಮಾನ ಆಯ್ತು. ನಮ್ಮಲ್ಲಂತೂ 1972ರ ವನ್ಯಜೀವಿ ಕಾಯ್ದೆ."

"ಒಂಟೆ ಎಲುಬು, ವಕೀಲರೇ. ಸತ್ತ ಒಂಟೆ."

"ಜೀವಂತ ಒಂಟೆದು ತೆಗೆಯೋಕೆ ಅದು ಬಿಡಬೇಕಲ್ಲ," ಅಂದೆ.

"ಮತ್ತೆ ಅಲಗು? 9 ಇಂಚಿಗಿಂತ ಉದ್ದ, ಇಲ್ಲಾ 2 ಇಂಚಿಗಿಂತ ಅಗಲ ಇದ್ದರೆ ಲೈಸೆನ್ಸ್ ಬೇಕು. ಅಡುಗೆಗೆ, ಹೊಲದ ಕೆಲಸಕ್ಕೆ ಆದರೆ ಬೇಕಿಲ್ಲ."

"ನಮ್ಮದು ಯಾವ ಕೆಲಸಕ್ಕೂ ಅಲ್ಲವಲ್ಲ ವಕೀಲರೇ, ಅದಕ್ಕೆ ಕಲಮು ಯಾವುದು?"

ಅಲಗು ಮೂರೇ ಇಂಚು ಅಂತ ಬಸು ಹೇಳಿದ ಮೇಲೆ ವಕೀಲರಿಗೆ ಸ್ವಲ್ಪ ಬೇಜಾರೇ ಆಯಿತು. ಅಷ್ಟರಲ್ಲಿ ಇರ್ಫಾನ್ ಇನ್ನೊಂದು ಕೊಕ್ಕೆ ತೆಗೆದ. "ಬಸು, ನಿಮ್ಮವ್ವ ಮನೆಯೊಳಗೆ ತತ್ತಿ ಬಿಡೋದಿಲ್ಲ. ಒಂಟೆ ಎಲುಬು ಬಿಡ್ತಾರಾ?"

ಬಸು ಅದನ್ನು ಯೋಚನೆ ಮಾಡಿರಲಿಲ್ಲ ಅಂತ ಮುಖದಲ್ಲೇ ಕಾಣುತ್ತಿತ್ತು. "ಪ್ಲಾಸ್ಟಿಕ್ ಅಂತ ಹೇಳ್ತೀನಿ," ಅಂದ ಮೆಲ್ಲಗೆ. 18 ಸಾವಿರ ಕೊಟ್ಟು ತಂದು ಪ್ಲಾಸ್ಟಿಕ್ ಅನ್ನಬೇಕು!

"ಅಂದರೆ ಅಡುಗೆಮನೆಗೂ ಹೋಗೋ ಹಾಗಿಲ್ಲ. ಇನ್ನು ಉಳ್ಳಾಗಡ್ಡಿಯ ಮುಖ ಅದು ಈ ಜನ್ಮದಲ್ಲಿ ನೋಡಲ್ಲ," ಅಂದೆ.

ಮಾತು ಚಿತ್ರದ ಕಡೆ ಹೊರಳಿತು. 20 ಚಾಕುವಿಗೂ ಒಂದೇ ಚಿತ್ರ ಇರಬೇಕಂತೆ. ಬಸುಗೆ ಗೋಳಗುಮ್ಮಟ. ಮಾಸ್ತರಿಗೆ ಸಿದ್ಧೇಶ್ವರ ಗುಡಿ. ಗುಂಪಿನಲ್ಲಿರುವ ಒಬ್ಬ ಕಂಟ್ರಾಕ್ಟರು ತನ್ನದೇ ಫೋಟೋ ಹಾಕಿಸಿ ಅಂತ ಹಟ ಹಿಡಿದಿದ್ದಾನಂತೆ, ಉಳಿದ 19 ಜನ ಅವನ ಮೀಸೆ ಜೇಬಿನಲ್ಲಿಟ್ಟುಕೊಂಡು ತಿರುಗಬೇಕು. ಇರ್ಫಾನ್‌ಗೆ ಮಲಿಕ್-ಎ-ಮೈದಾನ್ ತೋಪು.

"55 ಟನ್ ತೋಪನ್ನು ಮೂರು ಇಂಚಿನ ಮೇಲೆ ಕೂರಿಸ್ತೀಯಾ?" ಅಂದರು ಮಾಸ್ತರು. ಅಲ್ಲಿಂದ ಅವರಿಗೆ ಕ್ಲಾಸ್‌ರೂಮು ನೆನಪಾಯಿತು. "ಅದನ್ನು ಎರಕ ಹೊಯ್ದದ್ದು 1549ರಲ್ಲಿ, ಅಹಮದ್‌ನಗರದಲ್ಲಿ. ಇಲ್ಲಿಗೆ ಎಳೆದು ತರೋಕೆ 10 ಆನೆ, 400 ಎತ್ತು ಬೇಕಾದವು ಅಂತಾರೆ. ಅಂಥಾದ್ದನ್ನು 1854ರಲ್ಲಿ ಹರಾಜಿಗಿಟ್ಟರೆ ಎಷ್ಟಕ್ಕೆ ಹೋಯ್ತು ಗೊತ್ತಾ? 150 ರೂಪಾಯಿ! ಪುಣ್ಯಕ್ಕೆ ಆ ಮಾರಾಟ ಆಮೇಲೆ ರದ್ದಾಯಿತು."

"ಅವತ್ತು ಬಸು ಇದ್ದಿದ್ದರೆ ರದ್ದಾಗ್ತಿರಲಿಲ್ಲ," ಅಂದೆ. "20 ಜನರ ಗುಂಪು ಮಾಡ್ತಿದ್ದ. ತಲಾ ಏಳೂವರೆ ರೂಪಾಯಿ. ಎತ್ತಿನ ಬಾಡಿಗೆ ಬೇರೆ."

ಬಸು ಕೂಡ ನಕ್ಕ. ನಕ್ಕು, ಮೊಬೈಲ್ ತೆಗೆದು ಅಡ್ವಾನ್ಸ್ ನೆನಪಿಸುವ ಮೆಸೇಜು ಹಾಕಿದ. ಗೋಳಗುಮ್ಮಟದೊಳಗೆ ಕೂಗಿದರೆ ಏಳು ಸಲ ಕೇಳಿಸುತ್ತೆ ಅಂತಾರಲ್ವಾ, ಈತನ ಅಡ್ವಾನ್ಸಿನ ಕೂಗು ಬೆಳಗಿನಿಂದ ಒಂಬತ್ತನೇ ಸಲ. ಅದರಲ್ಲಿ ಒಂದಕ್ಕೂ ಹಣ ಮಾತ್ರ ಮರುದನಿಸಿಲ್ಲ.

"ಮಾಡೋದಾದರೂ ಹೇಗೆ?" ಅಂತ ಕೇಳಿದ್ದು ಸಿದ್ದು. ಪಾಪ, ಇಷ್ಟು ಹೊತ್ತಿಗೆ ಖರೇ ಪ್ರಶ್ನೆ ಕೇಳಿದವನು ಅವನೊಬ್ಬನೇ.

ಬಸು ಕೈಗವಸು ಬಿಚ್ಚಿಟ್ಟ. ಎಲುಬನ್ನು ಕನ್ನಡಿ ಹಾಗೆ ಆಗುವವರೆಗೆ ಉಜ್ಜಬೇಕು, ಇಲ್ಲದಿದ್ದರೆ ಮಸಿ ಎಲ್ಲಾ ಕಡೆ ಹರಡುತ್ತೆ. ಆಮೇಲೆ ಸೂಜಿಯಿಂದ ಚುಕ್ಕಿ ಚುಕ್ಕಿಯಾಗಿ ಚುಚ್ಚುತ್ತಾ ಹೋಗಬೇಕು. ಮೇಲೆ ಮಸಿ ಸವರಿ ಒರೆಸಿದರೆ, ನುಣುಪಿನ ಮೇಲಿನದು ಹೋಗುತ್ತೆ, ತೂತಿನೊಳಗಿನದು ಉಳಿಯುತ್ತೆ. ಅದೇ ಚಿತ್ರ. ಶುರು ಮಾಡಿದವರು ತಿಮಿಂಗಿಲ ಬೇಟೆಯ ಹಡಗಿನವರು. ಮೂರು ಮೂರು ವರ್ಷ ನೀರಿನ ಮೇಲೆ. ತಿಮಿಂಗಿಲ ಸಿಗದ ದಿನ ಮಾಡೋಕೆ ಏನೂ ಕೆಲಸವಿಲ್ಲ. ಹಡಗಿನ ಸೂಜಿ, ದೀಪದ ಕಾಡಿಗೆ, ಕೈಗೆ ಸಿಕ್ಕ ಹಲ್ಲು.

"ಫ್ರೆಡ್ರಿಕ್ ಮೈರಿಕ್ ಅಂತ ಒಬ್ಬ ನಾವಿಕ," ಅಂದ. "ಸೂಸನ್ ಅನ್ನೋ ಹಡಗು, ಅಮೆರಿಕದ ನ್ಯಾಂಟಕೆಟ್ ದ್ವೀಪದ್ದು. 1829ರಲ್ಲಿ ಹಡಗಿನ ಮೇಲೆ ಕೂತೇ ಹಲ್ಲಿನ ಮೇಲೆ ಅದೇ ಹಡಗಿನ ಚಿತ್ರ ಬಿಡಿಸಿ, ಹೆಸರು, ತಾರೀಖು ಬರೆದಿದ್ದಾನೆ. ಇವತ್ತು ಅದಕ್ಕೆ ಎಷ್ಟು ಬೆಲೆ ಗೊತ್ತಾ?"

"ಅವನಿಗೆ ಯಾರು ಆರ್ಡರ್ ಕೊಟ್ಟಿದ್ದರು?"

"ಯಾರೂ ಇಲ್ಲ. ಇಂಥವನ್ನೆಲ್ಲಾ ಹಡಗಿನವರು ಮನೆಯವರಿಗೆ ಅಂತ ಮಾಡ್ತಿದ್ದರು. ಹೆಂಡತಿಗೆ, ತಾಯಿಗೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನನಗೆ ಬೇರೇನೋ ನೆನಪಾಗಿಬಿಟ್ಟಿತ್ತು.

"ಲೇ, ಇದು ಹಚ್ಚೆ," ಅಂದೆ. "ಸೂಜಿ, ಕಾಡಿಗೆ, ಒರೆಸಿದರೂ ಹೋಗದ್ದು. ನಮ್ಮಜ್ಜಿ ಕೈಮೇಲೆ ಇತ್ತು."

ಬಲಗೈ ಒಳಮಗ್ಗುಲಲ್ಲಿ ಒಂದು ಚೇಳು, ಕೆಳಗೆ ಮೂರು ಚುಕ್ಕಿ. ಬಣ್ಣ ಕಪ್ಪಲ್ಲ, ಹಸಿರೂ ಅಲ್ಲ. ಹಚ್ಚೆ ಹಾಕುವವಳು ಬಂದಾಗ ಅಜ್ಜಿಗೆ ಒಂಬತ್ತೋ ಹತ್ತೋ ವರ್ಷ, ಒಂದು ಸೇರು ಜೋಳ ಕೊಟ್ಟು ಹಾಕಿಸಿದ್ದರಂತೆ, ಅತ್ತರೆ ಚೇಳು ಎದ್ದು ಬಂದು ಕಚ್ಚುತ್ತೆ ಅಂತ ಹೆದರಿಸಿ. ಅಜ್ಜಿ ರೊಟ್ಟಿ ಬಡಿಯೋಕೆ ಕೂತರೆ ನಾನು ಎದುರಿಗೆ ಕೂರುತ್ತಿದ್ದೆ. ತಟ್ಟಿದಾಗಲೆಲ್ಲ ಸುಕ್ಕಿದ ಚರ್ಮದ ಮೇಲೆ ಆ ಚೇಳು ಹಿಂದೆ ಮುಂದೆ ಓಡಾಡುತ್ತಿತ್ತು. ಮೇಲೆ ಹಿಟ್ಟು ಬಿದ್ದು ಅರ್ಧ ಮುಚ್ಚಿಹೋಗುತ್ತಿತ್ತು. ಅದೇ ಕೈ ಈಳಿಗೆ ಮುಂದೆ ಕೂತು ಒಂದು ಬುಟ್ಟಿ ಉಳ್ಳಾಗಡ್ಡಿ ಹೆಚ್ಚುತ್ತಿತ್ತು.

"ಒಂದೇ ಪೀಸು," ಅಂದೆ. "ನಂಬರ್ ಹಾಕಿರಲಿಲ್ಲ."

ಸಿದ್ದು ಮೊಂಡ ಚಾಕುವಿನಲ್ಲೇ ಲಿಂಬಿಹಣ್ಣು ಜಜ್ಜಿ ಚುರುಮರಿ ಕೊಟ್ಟ. ತಿಂದೆವು. ಜಿಎಸ್‌ಟಿ, ಮುಂಗಾರು, ಕಂಟ್ರಾಕ್ಟರನ ಮೀಸೆ, ಏನೇನೋ ಮಾತಾಯಿತು. ಎದ್ದು ಹೊರಡೋ ಹೊತ್ತಿಗೆ ನಾನು ಬಸುನ ಭುಜ ಹಿಡಿದೆ.

"ನನ್ನದು ಒಂದಕ್ಕೆ ಮಾತ್ರ ಚಿತ್ರ ಬೇರೆ ಆಗುತ್ತಾ? ಅವನನ್ನು ಕೇಳಿ ನೋಡು."

ಬಸು ನಗಲಿಲ್ಲ, ಅದಕ್ಕೇ ಅವನು ನನ್ನ ಗೆಳೆಯ. "12ನೇ ನಂಬರ್ ನಿಂದು. ಕೇಳ್ತೀನಿ. ಫೋಟೋ ಕಳಿಸು."

ಫೋಟೋ ಎಲ್ಲಿದೆ? ಅಜ್ಜಿದು ಇರೋದು ಒಂದೇ, ಕಾಕಾನ ಮದುವೆಯಲ್ಲಿ ತೆಗೆದದ್ದು. ಅದರಲ್ಲಿ ಎರಡೂ ಕೈ ಸೆರಗಿನೊಳಗಿವೆ. ಚುರುಮರಿ ಪೊಟ್ಟಣ ಬಿಡಿಸಿ, ಮಾಸ್ತರ ಪೆನ್ನು ಇಸಕೊಂಡು ನಾನೇ ಬರೆದೆ. ಮೂರು ಚುಕ್ಕಿ ಸರಿಯಾಗಿ ಬಂದವು. ಕಾಲು ಆರು ಬರೆದಿದ್ದೆ, ಚೇಳಿಗೆ ಎಂಟು ಅಂತ ಮಾಸ್ತರು ತಿದ್ದಿದರು. ಆದರೆ ಹಚ್ಚೆ ಹಾಕಿದವಳು ಎಷ್ಟು ಹಾಕಿದ್ದಳೋ.

ಬಸು ಆ ಎಣ್ಣೆ ಕಾಗದವನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ ನೋಡಿದ.

"ಬಾಲ ಯಾವ ಕಡೆ? ಎಡಕ್ಕಾ, ಬಲಕ್ಕಾ?"

ನಾನು ಇನ್ನೊಂದು ಚಹಾ ಹೇಳಿದೆ.