ಕಡಲತೀರದಲ್ಲಿ ಆಡುವ ಫುಟ್‌ಬಾಲಿನ ಗಾಳಿ ಮತ್ತು ಹೊಲಿಗೆ

ಪ್ರಶ್ನೆ (ಕಾರವಾರ)
ನಮಸ್ಕಾರ. ಇಲ್ಲಿನ ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಹೊತ್ತು ಹುಡುಗರಿಗೆ ಫುಟ್‌ಬಾಲ್ ಅಭ್ಯಾಸ ಮಾಡಿಸುತ್ತೇನೆ. ನಮ್ಮಲ್ಲಿರುವ 5ನೇ ಸೈಜಿನ ಎರಡು ಚೆಂಡುಗಳಲ್ಲಿ ಒಂದರ ಗಾಳಿ ರಾತ್ರಿ ಕಳೆಯುವುದರೊಳಗೆ ಇಳಿಯುತ್ತದೆ, ಇನ್ನೊಂದರ ಹೊಲಿಗೆ ಒಂದು ಕಡೆ ಬಿಡುತ್ತಿದೆ. ಹುಡುಗರು ಕಾಸು ಕೂಡಿಸಿ ಕೊಂಡ ಚೆಂಡುಗಳಾದ್ದರಿಂದ ಎಸೆಯಲು ಮನಸ್ಸಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಕುಮಟಾ)
ಮೊದಲು ಚೆಂಡಿಗೆ ಗಾಳಿ ತುಂಬಿ, ವಾಲ್ವ್ (ಗಾಳಿ ತುಂಬುವ ರಬ್ಬರಿನ ಬಾಯಿ) ಮೇಲೆ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರಿಕೆ ಅಲ್ಲಿಯೇ ಇದೆ. ಮರಳಿನ ಕಣವಿರುವ ಪಂಪಿನ ಸೂಜಿಯನ್ನು ಒಣಗಿದ ವಾಲ್ವ್‌ನೊಳಗೆ ಒತ್ತಿದಾಗ ಅದರ ರಬ್ಬರು ಸೀಳುತ್ತದೆ. ಆದ್ದರಿಂದ ಪ್ರತಿ ಸಲವೂ ಸೂಜಿಯನ್ನು ಒರೆಸಿ, ಒಂದು ಹನಿ ಗ್ಲಿಸರಿನ್ ಅಥವಾ ಸಿಲಿಕೋನ್ ಎಣ್ಣೆ ಸವರಿ, ನೇರವಾಗಿ ನಿಧಾನಕ್ಕೆ ಇಳಿಸಬೇಕು. ವಾಲ್ವ್ ಸರಿಯಿದ್ದೂ ಗಾಳಿ ಕೆಲವು ದಿನಗಳಲ್ಲಿ ಇಳಿಯುವುದಾದರೆ ಬ್ಲ್ಯಾಡರ್, ಅಂದರೆ ಒಳಗಿನ ಗಾಳಿಚೀಲ, ಲೇಟೆಕ್ಸ್ ಎಂಬ ರಬ್ಬರಿನದಾಗಿರಬಹುದು. ಅದರ ಗುಣವೇ ಹಾಗೆ. ಬ್ಯುಟೈಲ್ ಎಂಬ ಇನ್ನೊಂದು ಬಗೆಯ ರಬ್ಬರಿನ ಬ್ಲ್ಯಾಡರ್ ಗಾಳಿಯನ್ನು ಹೆಚ್ಚು ಕಾಲ ಹಿಡಿದಿಡುತ್ತದೆ.

ಆಟದ ನಿಯಮದ ಪ್ರಕಾರ ಸಮುದ್ರಮಟ್ಟದಲ್ಲಿ ಒತ್ತಡ 0.6ರಿಂದ 1.1 ವಾಯುಭಾರ, ಅಂದರೆ ಸುಮಾರು 8.5ರಿಂದ 15.6 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇರಬೇಕು. ತಯಾರಕರು ಹೇಳುವ ಮಿತಿಯನ್ನು ವಾಲ್ವ್ ಪಕ್ಕದಲ್ಲಿ ಮುದ್ರಿಸಿರುತ್ತಾರೆ, ಅದನ್ನೇ ಪಾಲಿಸಿ. ಪೆಟ್ರೋಲ್ ಬಂಕಿನ ಗಾಳಿಯಂತ್ರ ಮಾತ್ರ ಬೇಡ. ಅದರ ರಭಸಕ್ಕೆ ಹೊಲಿಗೆಯೇ ಬಿಚ್ಚೀತು.

ಉತ್ತರ (ಶಿರಸಿ)
ಹೊಲಿಗೆ ಬಿಟ್ಟ ಚೆಂಡಿನಲ್ಲಿ ಇನ್ನು ಆಡಿಸಬೇಡಿ, ಏಕೆಂದರೆ ಬ್ಲ್ಯಾಡರ್ ಆ ಬಾಯಿಯಿಂದ ಹೊರಗೆ ಉಬ್ಬಿ ಒಡೆಯುತ್ತದೆ. ಚಪ್ಪಲಿ ಹೊಲಿಯುವವರಿಗೆ ಕೊಡುವ ಮುನ್ನ ಸೂಜಿ ಹಾಕಿ ಗಾಳಿಯನ್ನು ಪೂರ್ತಿ ಬಿಡಿ; ಆಗ ಬ್ಲ್ಯಾಡರನ್ನು ಒಳಗೆ ಸರಿಸಿ, ದಬ್ಬಳ ತಾಗದಂತೆ ಮೇಣ ಹಚ್ಚಿದ ನೈಲಾನ್ ದಾರದಿಂದ ಹಳೆಯ ತೂತುಗಳಲ್ಲಿಯೇ ಹೊಲಿಯಬಹುದು. ಅಂಟಿಸಿ ಮಾಡಿದ ಚೆಂಡಿಗೆ ಈ ಉಪಾಯ ನಡೆಯದು.

ಉಪ್ಪುನೀರು ತಾಗಿದ ದಿನವೇ ಸಿಹಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸಿ. ನಮ್ಮ ಕಡೆ ಮಳೆಗಾಲದಲ್ಲಿ ಒದ್ದೆ ಚೆಂಡನ್ನು ಚೀಲದಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ; ಹಾಗೆಂದು ಬಚ್ಚಲೊಲೆಯ ಪಕ್ಕ ಇಟ್ಟರೆ ಬಿಸಿಗೆ ಒಳಗಿನ ಒತ್ತಡ ಏರಿ ಅಂಟು ಸಡಿಲವಾಗುತ್ತದೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ಸೋಪಿನ ನೀರು ಹಚ್ಚಿದಾಗ ವಾಲ್ವ್‌ನಲ್ಲಿಯೇ ಸಣ್ಣ ಗುಳ್ಳೆಗಳು ಎದ್ದವು. ಇದಕ್ಕೆ ಏನಾದರೂ ಮಾಡಬಹುದೇ?

ಉತ್ತರ (ಕುಮಟಾ)
ವಾಲ್ವ್‌ಗೆ ಎರಡು ಹನಿ ಸಿಲಿಕೋನ್ ಎಣ್ಣೆ ಬಿಟ್ಟು, ಸೂಜಿಯನ್ನು ಕೆಲವು ಸಲ ಒಳಗೆ ಹೊರಗೆ ಆಡಿಸಿ, ಗಾಳಿ ತುಂಬಿ ಮತ್ತೆ ಸೋಪಿನ ನೀರು ಹಚ್ಚಿ ನೋಡಿ. ಒಣಗಿದ ರಬ್ಬರಾದರೆ ಇಷ್ಟಕ್ಕೆ ಸರಿಹೋಗುತ್ತದೆ. ಸೀಳಿದ್ದರೆ ಬ್ಲ್ಯಾಡರ್ ಬದಲಾಯಿಸಬೇಕು. ಕೈಹೊಲಿಗೆಯ ಚೆಂಡಾದರೆ ಅದನ್ನೂ ಹೊಲಿಗೆ ಬಿಚ್ಚಿ ಮಾಡಿಸಬಹುದು.