ಅಪ್‌ಡೇಟ್: ಹೊಸ ಮನೆ, ಬೇಯದ ಬೇಳೆ

ಮದುವೆಯಾಗಿ ಬೆಂಗಳೂರಿನ ಬಾಡಿಗೆ ಮನೆಗೆ ಬಂದ ಹೊಸತರಲ್ಲಿ ಕೇಳಿದ್ದೆ: ಕುಕ್ಕರ್ ಎಷ್ಟು ಕೂಗಿದರೂ ತೊಗರಿಬೇಳೆ ಬೇಯುತ್ತಿಲ್ಲ, ಸ್ಟೀಲ್ ಪಾತ್ರೆ ಮೇಲೆಲ್ಲ ಬಿಳಿ ಕಲೆ, ಏನು ಮಾಡೋದು ಅಂತ.

ಬೇಳೆ ಬದಲಿಸಬೇಡಿ, ಬೋರ್ ನೀರು ಪರೀಕ್ಷೆ ಮಾಡಿಸಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಮಾಡಿಸಿದೆವು. ಗಡಸುತನ ಲೀಟರಿಗೆ 600 ಮಿಲಿಗ್ರಾಂ ದಾಟಿದೆ! ಕುಡಿಯುವ ನೀರಿಗೆ ಭಾರತೀಯ ಮಾನದಂಡ ಹೇಳುವುದು 200. ಬೇರೆ ನೀರೇ ಸಿಗದಿದ್ದರೆ ಮಾತ್ರ 600ರವರೆಗೆ. ಇಂಥ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ.

ಈಗ ಅಡುಗೆಗೆ ಕಾವೇರಿ ನೀರು ಮಾತ್ರ. ನಲ್ಲಿಯಲ್ಲಿ ಬೆಳಗಿನ ಜಾವ ಬರುತ್ತೆ, ಅದೂ ದಿನಾ ಅಲ್ಲ. ಹಿಡಿದಿಡುವ ಕೆಲಸ ನಮ್ಮನೆಯವರದು. ರಾತ್ರಿಯೇ ಬಿಂದಿಗೆ ತೊಳೆದು ಸಾಲಾಗಿ ಇಟ್ಟಿರುತ್ತಾರೆ. ನಾನು ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಚಿಟಿಕೆ ಅರಿಶಿನ, ಒಂದು ತೊಟ್ಟು ಎಣ್ಣೆ ಹಾಕಿ ಇಡುತ್ತೇನೆ. ಮೂರೇ ವಿಷಲ್. ಸೌಟಿನ ಹಿಂಬದಿಯಲ್ಲಿ ಒತ್ತಿದರೆ ಬೆಣ್ಣೆ ಥರ ಕರಗುತ್ತೆ. ಮೊನ್ನೆ ಅತ್ತೆ ಬಂದಾಗ ಸಾರು ಎರಡು ಸಲ ಹಾಕಿಸಿಕೊಂಡರು, ನನಗಂತೂ ಹಬ್ಬವೇ.

ಪಾತ್ರೆಯ ಕಲೆಗೆ ಹಿಂಡಿದ ನಿಂಬೆ ಹೋಳು ಸಾಕು. ಉಜ್ಜಿ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಹೋಗುತ್ತೆ.

ಸ್ನಾನಕ್ಕೆ ಇನ್ನೂ ಬೋರ್ ನೀರೇ. ಕೂದಲು ನಾರಿನ ಹಾಗೆ ಆಗಿದೆ. ನೀರಿನ ಗಡಸುತನ ಇಳಿಸುವ ಸಾಫ್ಟನರ್ ಹಾಕಿಸಲು ಓನರ್ ಆಂಟಿ ಒಪ್ಪಿದ್ದಾರೆ, ಅರ್ಧ ದುಡ್ಡು ಅವರದು. ಬಾಡಿಗೆ ಮನೆಗೆ ಸುಮ್ನೆ ಯಾಕೆ ಖರ್ಚು ಅಂತ ಕೆಲವರು ಹೇಳಿದ್ದಿರಿ. ಆದರೆ ದಿನಾ ಬಾಳುವವರು ನಾವೇ ಅಲ್ವಾ? ಮುಂದಿನ ತಿಂಗಳು ಹಾಕಿಸುತ್ತಿದ್ದೇವೆ.